ಶಾಲ್ಮಲೆಯಿಂದ ಅರಬ್ಬಿ ಕಡಲಿಗೆ: ಹಾಯಿದೋಣಿ ಎಂಬ ಅಳತೆಗೋಲು

(ಧಾರವಾಡದಲ್ಲಿ ವಿಜ್ಞಾನ ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಇಟ್ಟುಕೊಂಡಿದ್ದೇವೆ.)

ಎಲ್ಲರಿಗೂ ನಮಸ್ಕಾರ.

ಘಟ್ಟದ ಮೇಲಿನ ಊರಲ್ಲಿ ನಿಂತು ಹಾಯಿದೋಣಿಯ ಮಾತು ಯಾಕೆ ಅಂತ ಅನ್ನಿಸಬಹುದು. ಇದೇ ಊರಿನ ಸೋಮೇಶ್ವರ ಗುಡಿಯ ಹತ್ತಿರ ಶಾಲ್ಮಲೆ ಹುಟ್ಟುತ್ತಾಳೆ. ಮುಂದೆ ಬೇಡ್ತಿಯಾಗಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರು ಹೊತ್ತು ಅಂಕೋಲಾ ಮತ್ತು ಗೋಕರ್ಣದ ನಡುವೆ ಅರಬ್ಬಿ ಸಮುದ್ರ ಸೇರುತ್ತಾಳೆ. ಹುಬ್ಬಳ್ಳಿ-ಧಾರವಾಡ ಕೂತಿರುವುದು ನೀರು ಎರಡು ಕಡೆ ಇಳಿಯುವ ದಿಬ್ಬದ ಮೇಲೆ. ಒಂದು ಬದಿಯ ಮಳೆ ಬೆಣ್ಣಿಹಳ್ಳ ಹಿಡಿದು ಮಲಪ್ರಭೆಗೆ, ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಬದಿಯದು ಪಡುವಣ ಕಡಲಿಗೆ. ಹಾವೇರಿಯವರ ವರದೆಯೂ ತುಂಗಭದ್ರೆ ಸೇರಿ ಮೂಡಣಕ್ಕೇ ಹೊರಡುತ್ತಾಳೆ. ಇಲ್ಲಿನ ಗಟಾರಕ್ಕೆ ಬಿದ್ದ ಶಾಂಪೂ ಪಾಕೀಟು ಎರಡು ಸಮುದ್ರಗಳಲ್ಲಿ ಯಾವುದನ್ನು ಸೇರುತ್ತದೆ ಎಂಬುದು ಅದು ಯಾವ ಓಣಿಯಲ್ಲಿ ಬಿತ್ತು ಎನ್ನುವುದರ ಮೇಲಿದೆ. ಹಾಗೆ ಸೇರಿದ ಮೇಲೆ ಅಲ್ಲಿ ಎಷ್ಟಿದೆ, ಎಲ್ಲಿದೆ, ಏನಾಗಿದೆ ಎಂದು ಅಳೆಯುವವರು ಬೇಕು. ಆ ಅಳತೆಗೆ ಹಾಯಿದೋಣಿ ಹೇಗೆ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದೇ ಇವತ್ತಿನ ಮಾತು.

ಹಾಯಿದೋಣಿ ಎಂದಾಗ ಇಲ್ಲಿ 12ರಿಂದ 15 ಮೀಟರು ಉದ್ದದ, ಆರೆಂಟು ಮಂದಿ ಉಂಡು ಮಲಗಿ ಎರಡು ಮೂರು ವಾರ ದಡ ಮುಟ್ಟದೆ ಇರಬಲ್ಲ ದೋಣಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಸಾಗರ್ ಕನ್ಯಾದಂಥ ನಮ್ಮ ದೇಶದ ಸಂಶೋಧನಾ ಹಡಗು ಸುಮಾರು 100 ಮೀಟರು ಉದ್ದ. ಅದು ಟನ್‌ಗಟ್ಟಲೆ ಯಂತ್ರ ಹೊತ್ತು, ಸಾವಿರಾರು ಮೀಟರು ಆಳಕ್ಕೆ ಉಪಕರಣ ಇಳಿಸಿ, ಗಾಳಿ ಬೀಸುವಾಗಲೂ ಒಂದೇ ಜಾಗದಲ್ಲಿ ನಿಲ್ಲಬಲ್ಲದು. ಹಾಯಿದೋಣಿಯಿಂದ ಇದಾವುದೂ ಆಗುವುದಿಲ್ಲ. ಅದು ನಿಧಾನವಾಗಿ ಹೋಗುತ್ತದೆ, ಸದ್ದಿಲ್ಲದೆ ಹೋಗುತ್ತದೆ. ಮೇಲ್ಮೈ ನೀರನ್ನು ಸೋಸಲು ನಿಧಾನ ಬೇಕು, ತಿಮಿಂಗಿಲದ ಸದ್ದು ಕೇಳಲು ಮೌನ ಬೇಕು. ಈ ಎರಡು ಕೆಲಸಕ್ಕೆ ದೊಡ್ಡ ಹಡಗಿಗಿಂತ ಇದೇ ಒಳ್ಳೆಯ ಉಪಕರಣ ಎಂಬುದು ನಮ್ಮ ಖಚಿತ ಅಭಿಪ್ರಾಯ. ಆದರೆ ದೋಣಿ ತಾನಾಗಿ ವಿಜ್ಞಾನ ಮಾಡುವುದಿಲ್ಲ. ದಿನಚರಿ, ಅಂದರೆ ಅಳತೆಯ ದಾಖಲೆ ಪುಸ್ತಕ, ಸರಿಯಿಲ್ಲದ ದೋಣಿ ತರುವ ಬಾಟಲಿಯಲ್ಲಿ ಇರುವುದು ಬರೀ ಉಪ್ಪುನೀರು.

ಇದು ಹೊಸ ಯೋಚನೆಯೂ ಅಲ್ಲ. 1872ರಿಂದ 1876ರವರೆಗೆ ಲೋಕ ಸುತ್ತಿ 362 ಕಡೆ ಕಡಲನ್ನು ಅಳೆದ ಚಾಲೆಂಜರ್ ಹಡಗು ಹಾಯಿ ಮತ್ತು ಉಗಿ ಎರಡನ್ನೂ ಬಳಸಿತು. ದಾರಿ ಸಾಗಲು ಹಾಯಿ; ನಿಂತು ಆಳಕ್ಕೆ ಬಲೆ ಇಳಿಸಲು ಉಗಿ. ಈ ಹಂಚಿಕೆ ಇಂದಿಗೂ ಸರಿ. ಫ್ರಾನ್ಸಿನ ತಾರಾ ಎಂಬ 36 ಮೀಟರಿನ ಅಲ್ಯುಮಿನಿಯಂ ಸ್ಕೂನರ್ (ಎರಡು ಕಂಬದ ಹಾಯಿಹಡಗು) 2009ರಿಂದ 2013ರ ನಡುವೆ 210 ನೆಲೆಗಳಿಂದ ಸುಮಾರು 35,000 ಪ್ಲವಕ (ನೀರಿನೊಡನೆ ತೇಲುವ ಸಣ್ಣ ಜೀವಿಗಳ) ಮಾದರಿಗಳನ್ನು ತಂದಿತು. ಸೂಕ್ಷ್ಮಜೀವಿಗಳ 4 ಕೋಟಿಯಷ್ಟು ಜೀನುಗಳ ಪಟ್ಟಿ ಹೊರಬಂದದ್ದು ಆ ಮಾದರಿಗಳಿಂದ. ಅಮೆರಿಕದ ಸಮುದ್ರ ಶಿಕ್ಷಣ ಸಂಸ್ಥೆಯೊಂದರ ಹಾಯಿಹಡಗುಗಳಲ್ಲಿ ವಿದ್ಯಾರ್ಥಿಗಳು 1986ರಿಂದ 2008ರವರೆಗೆ ಒಂದೇ ಬಗೆಯ ಬಲೆಯನ್ನು, ಒಂದೇ ಕ್ರಮದಲ್ಲಿ, 6,000ಕ್ಕೂ ಹೆಚ್ಚು ಸಲ ಎಳೆದರು. ಉತ್ತರ ಅಟ್ಲಾಂಟಿಕ್‌ನ ಪ್ಲಾಸ್ಟಿಕ್ ಎಲ್ಲಿ ಸೇರುತ್ತದೆ ಎಂಬುದು ಗೊತ್ತಾದದ್ದು ಆ 22 ವರ್ಷದ ಪಟ್ಟುಹಿಡಿದ ಏಕತಾನದಿಂದ.

ನಮ್ಮಲ್ಲೂ ಇದೆ. ನೌಕಾಪಡೆಯ 56 ಅಡಿಯ ಹಾಯಿದೋಣಿ ಗೋವಾದ ದಿವಾರ್ ದ್ವೀಪದಲ್ಲಿ ತಯಾರಾಯಿತು. ಅದರ ಹೆಸರು ಮ್ಹಾದೇಯಿ. ಕಳಸಾ-ಬಂಡೂರಿ ಹೋರಾಟ ಕಂಡ ಈ ಭಾಗದ ಜನಕ್ಕೆ ಮಹದಾಯಿ ಯಾರೆಂದು ಹೇಳಬೇಕಿಲ್ಲ. ದೋಣಿಗೂ ನದಿಗೂ ಹೆಸರು ಒಂದೇ. ಅದರ ತಂಗಿ ತಾರಿಣಿಯಲ್ಲಿ ಲೋಕ ಸುತ್ತಿದ ನೌಕಾಪಡೆಯ ಅಧಿಕಾರಿಗಳು ದಿಲ್ನಾ ಕೆ. ಮತ್ತು ರೂಪಾ ಎ. 2025ರ ಜನವರಿಯಲ್ಲಿ ದಕ್ಷಿಣ ಪೆಸಿಫಿಕ್‌ನ ಪಾಯಿಂಟ್ ನೆಮೊ ದಾಟಿದರು. ಯಾವ ದಿಕ್ಕಿಗೆ ಹೊರಟರೂ ನೆಲ ಸಿಗಲು ಕನಿಷ್ಠ ಸುಮಾರು 2,688 ಕಿಮೀ ಹೋಗಬೇಕಾದ ಜಾಗ ಅದು. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಪರೀಕ್ಷೆಗಾಗಿ ಅಲ್ಲಿ ನೀರಿನ ಮಾದರಿ ತುಂಬಿಕೊಂಡರು. ಅಂಥ ಜಾಗಕ್ಕೆ ಒಂದು ಬಾಟಲಿ ನೀರಿಗೋಸ್ಕರ ದೊಡ್ಡ ಹಡಗು ಕಳಿಸುವವರು ಯಾರೂ ಇಲ್ಲ. ಹೇಗೂ ಆ ದಾರಿಯಲ್ಲಿ ಹೋಗುವ ದೋಣಿ ತರುತ್ತದೆ.

ಗಾಳಿ ಮತ್ತು ಕರೆಂಟಿನ ಲೆಕ್ಕ

ಗದಗ ಕಡೆಯವರು ಕಪ್ಪತಗುಡ್ಡದ ಗಾಳಿಯಂತ್ರ ನೋಡಿರುತ್ತೀರಿ. ಗಾಳಿ ಬಂದು ರೆಕ್ಕೆಯನ್ನು ಬರೀ ನೂಕುವುದಿಲ್ಲ. ರೆಕ್ಕೆಯ ಬಾಗಿದ ಮೈಮೇಲೆ ಹರಿದು ಅದನ್ನು ಅಡ್ಡಕ್ಕೆ ಸೆಳೆಯುತ್ತದೆ. ಹಾಯಿಯದೂ ಅದೇ ತತ್ವ. ಹಾಗಾಗಿ ಎದುರುಗಾಳಿಗೂ ದೋಣಿ ಮುಂದೆ ಹೋಗುತ್ತದೆ, ಆದರೆ ನೆಟ್ಟಗೆ ಅಲ್ಲ. ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹಾವಿನಂತೆ ಸಾಗಬೇಕು. ನಕಾಶೆಯಲ್ಲಿ 10 ನಾಟಿಕಲ್ ಮೈಲು ಕಂಡದ್ದು ನೀರಿನ ಮೇಲೆ 14 ಆಗುತ್ತದೆ. ಮಾದರಿ ತೆಗೆಯುವ ನೆಲೆಗಳನ್ನು ನಕಾಶೆಯ ಮೇಲೆ ಚೌಕಚೌಕವಾಗಿ ಗುರುತು ಹಾಕಿಕೊಂಡು ಬರುವ ಸಂಶೋಧಕರು ಮೊದಲ ದಿನವೇ ಎಡವುವುದು ಇಲ್ಲಿ. ಆ ತಿಂಗಳ ಗಾಳಿಯ ದಿಕ್ಕು ನೋಡಿ ನೆಲೆಗಳ ಸಾಲನ್ನು ಹಾಕಬೇಕು.

ಎರಡನೆಯ ಮಿತಿ ಕರೆಂಟು. 12 ವೋಲ್ಟಿನ ದೋಣಿಯ ಒಂದು ದಿನದ ಖರ್ಚು ಬರೆಯೋಣ. ಚುಕ್ಕಾಣಿ ಹಿಡಿಯುವ ಆಟೋಪೈಲಟ್ 5 ಆಂಪಿಯರ್, 24 ತಾಸಿಗೆ 120 ಆಂಪಿಯರ್-ಅವರ್. ಮಾದರಿಗಳ ಫ್ರೀಜರ್ 96. ರೇಡಿಯೋ, ಜಿಪಿಎಸ್, ದೀಪ, ಬೇರೆ ಹಡಗುಗಳನ್ನು ತೋರಿಸುವ ಎಐಎಸ್ ಸೇರಿ 60. ನೀರಿನ ತಾಪ ಮತ್ತು ಉಪ್ಪು ಅಳೆಯುವ ಯಂತ್ರಕ್ಕೆ ಸದಾ ಓಡುವ ಪಂಪು 96. ಲ್ಯಾಪ್‌ಟಾಪ್ 24. ಒಟ್ಟು 396. ಆದಾಯ ಎಷ್ಟು? 600 ವಾಟಿನ ಸೌರಫಲಕ ಹಾಕಿದರೂ ಹಾಯಿಯ ನೆರಳು ಕಳೆದು ದಿನಕ್ಕೆ ಸುಮಾರು 175. ಅರ್ಧವೂ ಇಲ್ಲ.

ಎಲ್ಲರೂ ಮೊದಲು ಹೇಳುವುದು ಇನ್ನಷ್ಟು ಬ್ಯಾಟರಿ ಹಾಕಿ ಅಂತ. ಬ್ಯಾಟರಿ ಅಂದರೆ ಕಣಜ. ಬೆಳೆಯೇ ಕಮ್ಮಿ ಇದ್ದಾಗ ದೊಡ್ಡ ಕಣಜ ಕಟ್ಟಿ ಏನು ಫಲ? ಖರ್ಚು ಇಳಿಸಬೇಕು. ಪಂಪನ್ನು ತಾಸಿಗೆ 10 ನಿಮಿಷ ಮಾತ್ರ ಓಡಿಸಿದರೆ 96 ಇದ್ದದ್ದು 16ಕ್ಕೆ ಬರುತ್ತದೆ. ಐದು ನಾಟ್, ಅಂದರೆ ತಾಸಿಗೆ ಐದು ನಾಟಿಕಲ್ ಮೈಲು, ವೇಗದ ದೋಣಿಗೆ ಐದು ಮೈಲಿಗೊಂದು ಅಳತೆ ಬಹುತೇಕ ಸಾಕು. ಆಟೋಪೈಲಟ್ ಬದಲು ಹಿಂಭಾಗದಲ್ಲಿ ಗಾಳಿಪಟ್ಟಿಯಿಂದಲೇ ಚುಕ್ಕಾಣಿ ತಿರುಗಿಸುವ ವಿಂಡ್‌ವೇನ್ ಹಾಕಿದರೆ 120 ಪೂರ್ತಿ ಉಳಿತಾಯ. ಈಗ ಖರ್ಚು 196. ಉಳಿದ 21ಕ್ಕೆ ದಿನಕ್ಕೆ ಅರ್ಧ ತಾಸು ಇಂಜಿನ್ ಸಾಕು. ಆ ಅರ್ಧ ತಾಸು ಯಾವಾಗ ಎಂಬುದನ್ನೂ ನಿಗದಿ ಮಾಡಿ ಬರೆದಿಡಬೇಕು, ಏಕೆಂದರೆ ಆಗ ಧ್ವನಿಮುದ್ರಣ ಆಗದು, ಹೊಗೆಯ ಕಡೆಯ ನೀರು ಮುಟ್ಟುವಂತಿಲ್ಲ.

ಬಲೆ ಎಳೆಯುವ ಅರ್ಧ ತಾಸು

ಈ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಇದರಲ್ಲೇ ತಪ್ಪುಗಳು ಹೆಚ್ಚು.

ಮೇಲ್ಮೈಯಲ್ಲಿ ತೇಲುವ ಪ್ಲಾಸ್ಟಿಕ್ ಚೂರುಗಳನ್ನು ಸೋಸುವ ಮ್ಯಾಂಟಾ ಬಲೆಗೆ ಎರಡು ಬದಿ ರೆಕ್ಕೆ ಇರುವ ಲೋಹದ ಚೌಕಟ್ಟು, ನಡುವೆ ಸುಮಾರು 60 ಸೆಂಟಿಮೀಟರು ಅಗಲ, 15 ಸೆಂಟಿಮೀಟರು ಎತ್ತರದ ಬಾಯಿ. ಹಿಂದೆ ಎರಡು ಮೂರು ಮೀಟರಿನ ಬಲೆಚೀಲ, ಕಣ್ಣಿನ ಅಳತೆ 0.33 ಮಿಲಿಮೀಟರು. ತುದಿಯಲ್ಲಿ ಬಿಚ್ಚಿ ತೆಗೆಯುವ ಸಂಗ್ರಹ ಡಬ್ಬಿ. ಬಾಯಿಯಲ್ಲಿ ನೀರು ಎಷ್ಟು ಹಾದುಹೋಯಿತು ಎಂದು ಎಣಿಸುವ ಸಣ್ಣ ಚಕ್ರ, ಅಂದರೆ ಫ್ಲೋ ಮೀಟರ್.

ಬಲೆಯನ್ನು ದೋಣಿಯ ನೇರ ಹಿಂದೆ ಕಟ್ಟಬಾರದು. ದೋಣಿ ಸೀಳಿ ಕಲಕಿದ ನೀರಿನಲ್ಲಿ ತೇಲುವ ಚೂರುಗಳು ಪಕ್ಕಕ್ಕೂ ಕೆಳಕ್ಕೂ ಸರಿದಿರುತ್ತವೆ. ಹಾಯಿಗೆ ಆನಿಸುವ ಉದ್ದ ಕೋಲನ್ನು ಬದಿಗೆ ಚಾಚಿ, ಅದರ ತುದಿಯಿಂದ ಹಗ್ಗ ಬಿಟ್ಟು, ಕಲಕದ ನೀರಿನಲ್ಲಿ ಬಲೆ ಸಾಗುವಂತೆ ಮಾಡಬೇಕು. ವೇಗ ಎರಡರಿಂದ ಮೂರು ನಾಟ್ ಒಳಗೆ. ಒಳ್ಳೆಯ ಗಾಳಿಯಲ್ಲಿ ಆರು ನಾಟ್ ಓಡುವ ದೋಣಿಯನ್ನು ಎರಡೂವರೆಗೆ ತರುವುದು ಓಡಿಸುವುದಕ್ಕಿಂತ ಕಷ್ಟ. ಮುಂದಿನ ಹಾಯಿ ಸುತ್ತಿಡಬೇಕು, ದೊಡ್ಡ ಹಾಯಿಯನ್ನು ಎರಡು ಮಡಿಕೆ ಇಳಿಸಬೇಕು. ವೇಗ ಹೆಚ್ಚಾದರೆ ಬಲೆಯ ಬಾಯಿಯ ಮುಂದೆ ನೀರು ಗುಪ್ಪೆಯಾಗಿ, ಒಳಗೆ ಹೋಗಬೇಕಾದದ್ದು ಪಕ್ಕಕ್ಕೆ ಚೆಲ್ಲಿಹೋಗುತ್ತದೆ. ಬಲೆ ಅಲೆಯಿಂದ ಅಲೆಗೆ ಜಿಗಿದರೆ ಚಕ್ರ ಗಾಳಿಯಲ್ಲಿ ತಿರುಗಿ ಸುಳ್ಳು ಲೆಕ್ಕ ಕೊಡುತ್ತದೆ.

ಲೆಕ್ಕ ಹೀಗೆ: ಎರಡೂವರೆ ನಾಟ್ ವೇಗದಲ್ಲಿ 30 ನಿಮಿಷ ಎಂದರೆ 1.25 ನಾಟಿಕಲ್ ಮೈಲು, 2,315 ಮೀಟರು. ಬಾಯಗಲ 0.6ರಿಂದ ಗುಣಿಸಿದರೆ ಸೋಸಿದ ಮೇಲ್ಮೈ 1,389 ಚದರ ಮೀಟರು. ಡಬ್ಬಿಯಲ್ಲಿ 70 ಚೂರು ಸಿಕ್ಕವು ಎಂದುಕೊಂಡರೆ ಚದರ ಕಿಲೋಮೀಟರಿಗೆ ಸುಮಾರು 50,000. ನಿಜವಾದ ವೇಗ ಎರಡು ನಾಟ್ ಇದ್ದು ಎರಡೂವರೆ ಎಂದು ಬರೆದಿದ್ದರೆ? ಆಗ ಸರಿಯಾದ ಉತ್ತರ 63,000. ಅರ್ಧ ನಾಟ್ ಅಂದಾಜಿಗೆ ಕಾಲುಭಾಗದಷ್ಟು ಲೆಕ್ಕ ತಪ್ಪಿತು. ಫ್ಲೋ ಮೀಟರನ್ನು ಪ್ರತಿ ಎಳೆತಕ್ಕೂ ಮೊದಲು ಮತ್ತು ನಂತರ ಓದಿ ಬರೆಯಿರಿ ಎಂದು ನಾವು ಹಟ ಹಿಡಿಯುವುದು ಇದಕ್ಕೇ.

ಬಲೆ ಮೇಲೆತ್ತಿದ ಮೇಲೆ ಅದನ್ನು ಹೊರಗಿನಿಂದ ತೊಳೆಯಬೇಕು, ನೀರು ಒಳಮುಖವಾಗಿ ಹಾದು ಅಂಟಿದ್ದೆಲ್ಲ ಡಬ್ಬಿಗೆ ಇಳಿಯುವಂತೆ. ಬಾಯಿಯಿಂದ ಪೈಪು ಬಿಟ್ಟು ತೊಳೆದರೆ ಪೈಪಿನ ನೀರಿನಲ್ಲಿದ್ದ ಚೂರುಗಳೂ ಲೆಕ್ಕಕ್ಕೆ ಸೇರುತ್ತವೆ. ಆಮೇಲೆ 5, 1 ಮತ್ತು 0.3 ಮಿಲಿಮೀಟರಿನ ಮೂರು ಜರಡಿ. ಡಬ್ಬಿಯ ಚೀಟಿಯನ್ನು ಸೀಸದಕಡ್ಡಿಯಲ್ಲಿ ಬರೆದು ಒಂದನ್ನು ಒಳಗೆ, ಒಂದನ್ನು ಹೊರಗೆ ಹಾಕಬೇಕು. ಶಾಯಿಯಲ್ಲಿ ಬರೆದ ಚೀಟಿ ಮಾದರಿ ಕೆಡದಂತೆ ಹಾಕುವ ಎಥನಾಲ್‌ನಲ್ಲಿ ಒಂದೇ ದಿನಕ್ಕೆ ಬೋಳು ಕಾಗದವಾಗುತ್ತದೆ.

ಇನ್ನು ನಮ್ಮದೇ ಕೊಳೆ. ದೋಣಿಯ ಬಣ್ಣದ ಚಕ್ಕೆ, ಹಾಯಿಯ ಪಾಲಿಯೆಸ್ಟರ್ ದಾರ, ಹಗ್ಗದ ನೈಲಾನ್ ಎಳೆ, ನಾವು ಹಾಕಿಕೊಂಡ ಜಾಕೆಟ್ಟಿನ ನೂಲು, ಎಲ್ಲವೂ ಪ್ಲಾಸ್ಟಿಕ್ಕೇ. ಹಾಗಾಗಿ ಹೊರಡುವ ಮೊದಲೇ ದೋಣಿಯ ಪ್ರತಿ ಬಣ್ಣದ, ಹಗ್ಗದ, ಹಾಯಿಯ ಒಂದೊಂದು ತುಣುಕನ್ನು ಗುರುತು ಬರೆದು ತೆಗೆದಿಡಬೇಕು. ಪ್ರಯೋಗಾಲಯದಲ್ಲಿ ನೀಲಿ ಚಕ್ಕೆ ಕಂಡರೆ ಅದು ಸಮುದ್ರದ್ದೋ ನಮ್ಮದೋ ಎಂದು ಹೋಲಿಸಲು. ಎಳೆತದ ಹೊತ್ತಿಗೆ ಒದ್ದೆ ಫಿಲ್ಟರ್ ಕಾಗದ ಇಟ್ಟ ಗಾಜಿನ ತಟ್ಟೆಯನ್ನು ಪಕ್ಕದಲ್ಲೇ ತೆರೆದಿಟ್ಟರೆ ಗಾಳಿಯಿಂದ ಬಿದ್ದ ಎಳೆ ಎಷ್ಟು ಎಂದು ಗೊತ್ತಾಗುತ್ತದೆ. ಮೈಮೇಲೆ ಹತ್ತಿಯ ಬಟ್ಟೆ ಮಾತ್ರ. ಹತ್ತಿ ಬೆಳೆದ ನಾಡು ಇದು; ಖಾದಿ ಅಂಗಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

"ಆ ಬಲಿ ಇಲ್ಲೇ ಮಾಡಿಸಬಹುದೇನ್ರಿ?" ಎಂದು ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ಚೌಕಟ್ಟು ಧಾರಾಳವಾಗಿ ಆಗುತ್ತದೆ. ಹುಬ್ಬಳ್ಳಿಯ ಯಾವ ಫ್ಯಾಬ್ರಿಕೇಶನ್ ವರ್ಕ್‌ಶಾಪಿನಲ್ಲೂ ಅಲ್ಯುಮಿನಿಯಂ ಅಥವಾ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಬೆಸೆಸಬಹುದು. 304 ದರ್ಜೆ ಉಪ್ಪುನೀರಿಗೆ ಬೇಗ ತುಕ್ಕು ಚುಕ್ಕೆ ಹಿಡಿಯುತ್ತದೆ. ಬಲೆಬಟ್ಟೆಯನ್ನು ಮಾತ್ರ ಕಣ್ಣಿನ ಅಳತೆಯ ಪ್ರಮಾಣಪತ್ರ ಇದ್ದದ್ದೇ ಕೊಳ್ಳಬೇಕು. ಬೆಂಗೇರಿಯಲ್ಲಿ ರಾಷ್ಟ್ರಧ್ವಜದ ಬಟ್ಟೆಯನ್ನು ಎಳೆ ಎಣಿಸಿ ಪರೀಕ್ಷೆ ಮಾಡುತ್ತಾರಲ್ಲ, ಅದೇ ಕಟ್ಟುನಿಟ್ಟು ಇಲ್ಲೂ ಬೇಕು. ಕಣ್ಣು ಅಲ್ಲೊಂದು ಇಲ್ಲೊಂದು ದೊಡ್ಡದಿದ್ದರೆ ಬೇರೆಯವರ ಅಂಕಿಯ ಜೊತೆ ನಮ್ಮದನ್ನು ಹೋಲಿಸಲು ಬರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಈ ಬಲೆಗೆ ಸಿಗುವುದು ತೇಲುವ ಪ್ಲಾಸ್ಟಿಕ್ ಮಾತ್ರ. ಚೀಲದ ಪಾಲಿಥಿನ್, ಮುಚ್ಚಳದ ಪಾಲಿಪ್ರೊಪಿಲಿನ್ ನೀರಿಗಿಂತ ಹಗುರ. ನೀರಿನ ಬಾಟಲಿಯ ಪೆಟ್ ಸಮುದ್ರದ ನೀರಿಗಿಂತ ಭಾರ, ಅದರ ಚೂರು ತಳಕ್ಕೆ ಇಳಿಯುತ್ತದೆ. ಗಾಳಿ ಜೋರಿದ್ದರೆ ತೇಲುವ ಚೂರೂ ಕೆಲವು ಮೀಟರು ಕೆಳಗೆ ಬೆರೆತು ಬಲೆ ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಗಾಳಿಯ ವೇಗ ಬರೆಯದ ಮಾದರಿಯನ್ನು ನಾವು ಎಣಿಕೆಗೆ ತೆಗೆದುಕೊಳ್ಳುವುದೇ ಇಲ್ಲ.

ನಿಲ್ಲುವುದು, ಕೇಳುವುದು

ಕಡಲಿನ ಆಳದ ತಾಪ, ಉಪ್ಪು ಅಳೆಯುವ ಸಿಟಿಡಿ ಎಂಬ ಕೊಳವೆಯನ್ನು ಹಗ್ಗ ಕಟ್ಟಿ ಇಳಿಸಲು ದೋಣಿ ನಿಲ್ಲಬೇಕು. ಹಾಯಿದೋಣಿಗೆ ಬ್ರೇಕ್ ಇಲ್ಲ, ಆದರೆ ಹಳೆಯ ನಾವಿಕರ ಉಪಾಯ ಒಂದಿದೆ. ಮುಂದಿನ ಹಾಯಿಯನ್ನು ಉಲ್ಟಾ ಬದಿಗೆ ಎಳೆದು ಕಟ್ಟಿ, ದೊಡ್ಡ ಹಾಯಿಯನ್ನು ಅದಕ್ಕೆ ಎದುರಾಗಿ ಇಟ್ಟು, ದೋಣಿ ಗಾಳಿಯತ್ತ ಮೂತಿ ತಿರುಗಿಸಲು ನೋಡುವಂತೆ ಚುಕ್ಕಾಣಿಯನ್ನು ಬಿಗಿದುಬಿಟ್ಟರೆ, ಎರಡು ಹಾಯಿಗಳ ಜಗಳದಲ್ಲಿ ದೋಣಿ ಹೆಚ್ಚುಕಡಿಮೆ ನಿಂತುಬಿಡುತ್ತದೆ. ಸುಮಾರು ಒಂದು ನಾಟ್ ವೇಗದಲ್ಲಿ ಓರೆಯಾಗಿ ತೇಲುತ್ತಿರುತ್ತದೆ, ಅಷ್ಟೆ. ಹಗ್ಗವನ್ನು ಗಾಳಿ ಬರುವ ಬದಿಯಿಂದಲೇ ಇಳಿಸಬೇಕು. ಇನ್ನೊಂದು ಬದಿಯಿಂದ ಇಳಿಸಿದರೆ ದೋಣಿ ತನ್ನ ಹಗ್ಗದ ಮೇಲೆಯೇ ತೇಲಿ ಬಂದು, ಅದು ದೋಣಿಯ ತಳದ ಕೀಲ್ ಎಂಬ ರೆಕ್ಕೆಗೋ ಪ್ರೊಪೆಲರಿಗೋ ಸುತ್ತಿಕೊಳ್ಳುತ್ತದೆ. 20 ನಿಮಿಷದಲ್ಲಿ 600 ಮೀಟರು ತೇಲಿರುತ್ತೇವೆ, ಹಗ್ಗ ವಾಲಿರುತ್ತದೆ. 200 ಮೀಟರು ಬಿಟ್ಟೆವೆಂದು 200 ಮೀಟರು ಆಳ ಎಂದು ಬರೆಯಬಾರದು. ಉಪಕರಣದ ಒತ್ತಡಮಾಪಕ ಹೇಳಿದ್ದೇ ಆಳ.

ತಿಮಿಂಗಿಲಗಳ ಅಧ್ಯಯನದಲ್ಲಿ ಹಾಯಿದೋಣಿಗೆ ಸಾಟಿ ಇಲ್ಲ. 1980ರ ದಶಕದ ಆರಂಭದಲ್ಲಿ ಟ್ಯುಲಿಪ್ ಎಂಬ 10 ಮೀಟರಿನ ಪುಟ್ಟ ದೋಣಿ ಶ್ರೀಲಂಕಾದ ಸುತ್ತ ಸ್ಪರ್ಮ್ ತಿಮಿಂಗಿಲಗಳ ಹಿಂದೆ ಹಗಲಿರುಳು ಸಾಗಿ ಅವುಗಳ ಬದುಕನ್ನು ದಾಖಲಿಸಿತು. ಈ ಪ್ರಾಣಿ ಆಳದಲ್ಲಿ ಬೇಟೆಯಾಡುವಾಗ ಸೆಕೆಂಡಿಗೆ ಒಂದೆರಡು ಸಲ ಟಕ್ ಟಕ್ ಎಂದು ಸದ್ದು ಮಾಡುತ್ತಲೇ ಇರುತ್ತದೆ. 40 ನಿಮಿಷ ಮುಳುಗಿ, ಎಂಟ್ಹತ್ತು ನಿಮಿಷ ಮಾತ್ರ ಮೇಲೆ ಬರುವ ಜೀವವನ್ನು ಕಣ್ಣಿನಿಂದ ಹುಡುಕಿದರೆ ತಪ್ಪಿಹೋಗುತ್ತದೆ, ಕಿವಿಯಿಂದ ಹುಡುಕಬೇಕು.

ಸುಮಾರು 100 ಮೀಟರಿನ ಕೇಬಲ್ಲಿನ ತುದಿಗೆ ಎರಡು ನೀರೊಳಗಿನ ಮೈಕುಗಳು, ನಡುವೆ 3 ಮೀಟರು ಅಂತರ. ನೀರಿನಲ್ಲಿ ಸದ್ದು ಸೆಕೆಂಡಿಗೆ 1,500 ಮೀಟರು ಹೋಗುತ್ತದೆ. ಸದ್ದು ನೇರ ಮುಂದಿನಿಂದ ಬಂದರೆ ಮೊದಲ ಮೈಕು 2 ಮಿಲಿಸೆಕೆಂಡ್ ಮೊದಲು ಕೇಳಿಸಿಕೊಳ್ಳುತ್ತದೆ, ಪಕ್ಕದಿಂದ ಬಂದರೆ ಎರಡೂ ಒಟ್ಟಿಗೆ. ಆ ವ್ಯತ್ಯಾಸದಿಂದ ದಿಕ್ಕಿನ ಕೋನ ಸಿಗುತ್ತದೆ. ಎಡವೋ ಬಲವೋ ಎಂದು ಮಾತ್ರ ಗೊತ್ತಾಗುವುದಿಲ್ಲ. ಅದಕ್ಕೆ ದೋಣಿಯನ್ನು ಸ್ವಲ್ಪ ತಿರುಗಿಸಿ ಮತ್ತೆ ಕೇಳಬೇಕು. ಇಂಜಿನ್ ನಿಲ್ಲಿಸಿದರೆ ಸಾಲದು, ಫ್ರಿಜ್ಜಿನ ಕಂಪ್ರೆಸರ್, ಇನ್ವರ್ಟರ್, ಆಳಮಾಪಕ ಎಲ್ಲ ಬಂದ್ ಆಗಬೇಕು. ಇನ್ವರ್ಟರಿನ ಗುಂಯ್‌ಗುಡುವಿಕೆ ಇಡೀ ರಾತ್ರಿಯ ಧ್ವನಿಮುದ್ರಣವನ್ನು ಹಾಳು ಮಾಡಬಲ್ಲದು. ಆರು ನಾಟ್ ಮೇಲೆ ಹೋದರೆ ಕೇಬಲ್ಲೇ ತಂತಿಯಂತೆ ಮಿಡಿದು ಸದ್ದು ಮಾಡುತ್ತದೆ. ಕಾರವಾರದಿಂದ ಆಳ ಕಡಲು ಶುರುವಾಗುವ ಅಂಚಿಗೆ ಸುಮಾರು 100 ಕಿಮೀ, ಅಂದರೆ 11 ತಾಸಿನ ಹಾಯಿದಾರಿ. ಅದಕ್ಕೂ ಮೊದಲು ಕಿವಿಗೆ ಬೀಳುವವು ಹೆಚ್ಚಾಗಿ ಡಾಲ್ಫಿನ್ನುಗಳ ಸಿಳ್ಳೆ.

ಸದ್ದಿಲ್ಲದ ದೋಣಿಯ ಅಪಾಯವನ್ನೂ ಹೇಳಬೇಕು. ಮಲಗಿದ ತಿಮಿಂಗಿಲಕ್ಕೆ ದೋಣಿ ಬಂದದ್ದೇ ತಿಳಿಯದೆ ಡಿಕ್ಕಿಯಾಗುವುದುಂಟು, ಎರಡಕ್ಕೂ ಪೆಟ್ಟು. ಮುಂದೆ ಒಬ್ಬರು ಕಣ್ಣಿಟ್ಟು ನಿಲ್ಲಲೇಬೇಕು. ಹತ್ತಿರ ಹೋಗುವಾಗ ಎದುರಿನಿಂದಲೂ ಅಲ್ಲ, ಬೆನ್ನಟ್ಟಿಯೂ ಅಲ್ಲ, ಸಮಾನಾಂತರವಾಗಿ, ಕನಿಷ್ಠ 100 ಮೀಟರು ಬಿಟ್ಟು. ನಮ್ಮ ದೇಶದಲ್ಲಿ ತಿಮಿಂಗಿಲ, ಡಾಲ್ಫಿನ್ನುಗಳಿಗೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆ. ಅನುಮತಿ ಇಲ್ಲದೆ ಚರ್ಮದ ಚೂರನ್ನೂ ತರುವಂತಿಲ್ಲ.

ನೀರಿನಲ್ಲಿ ಬೆರೆತಿರುವ ಡಿಎನ್‌ಎ ನೋಡಿ ಅಲ್ಲಿ ಯಾವ ಮೀನು ಇತ್ತು ಎಂದು ಹೇಳುವ ವಿಧಾನ ಈಗ ಬಳಕೆಯಲ್ಲಿದೆ. ಒಂದೆರಡು ಲೀಟರು ನೀರನ್ನು 0.45 ಮೈಕ್ರಾನಿನ ಫಿಲ್ಟರಿನಲ್ಲಿ ಸೋಸಿ, ಫಿಲ್ಟರನ್ನು ಸಂರಕ್ಷಕ ದ್ರವದಲ್ಲಿ ಇಟ್ಟರೆ ಆಯಿತು. ಸರಳ. ಆದರೆ ಮಧ್ಯಾಹ್ನ ಬಂಗಡೆ ಸಾರು ಉಂಡ ಕೈಯಲ್ಲಿ ಫಿಲ್ಟರು ಮುಟ್ಟಿದರೆ ಆ ನೆಲೆಯ ತುಂಬ ಬಂಗಡೆಯೇ ಎಂದು ವರದಿ ಬರುತ್ತದೆ. ಮಾದರಿ ತೆಗೆಯುವ ದಿನ ದೋಣಿಯಲ್ಲಿ ಮೀನಿನ ಅಡುಗೆ ಬೇಡ, ಹೊಸ ಕೈಗವಸು, ಬ್ಲೀಚಿನಲ್ಲಿ ತೊಳೆದ ಬಾಟಲಿ, ಜೊತೆಗೆ ಶುದ್ಧ ನೀರನ್ನೂ ಅದೇ ಕ್ರಮದಲ್ಲಿ ಸೋಸಿದ ಒಂದು ಖಾಲಿ ಮಾದರಿ. ಖಾಲಿ ಮಾದರಿಯಲ್ಲಿ ಮೀನು ಕಂಡರೆ ಆ ದಿನದ್ದೆಲ್ಲ ರದ್ದು.

ಸತ್ತ ಬಲೆಗಳು

ಕಡಲಿನಲ್ಲಿ ಕಳೆದುಹೋದ ಮೀನುಬಲೆ ಯಾರದ್ದೂ ಅಲ್ಲದೆ ವರ್ಷಗಟ್ಟಲೆ ಮೀನು, ಆಮೆ ಹಿಡಿಯುತ್ತಲೇ ಇರುತ್ತದೆ. ನಮ್ಮ ಉತ್ತರ ಕನ್ನಡದ ಮರಳಿನಲ್ಲಿ ಮೊಟ್ಟೆ ಇಡುವ ಆಲಿವ್ ರಿಡ್ಲೆ ಆಮೆಗಳು ಇದರಲ್ಲಿ ಸಿಕ್ಕಿ ಕಾಲು ಕಳೆದುಕೊಳ್ಳುತ್ತವೆ. 12 ಮೀಟರಿನ ದೋಣಿ ಇಂಥ ಬಲೆಯ ಗುಡ್ಡೆಯನ್ನು ಎತ್ತಲು ಹೋಗಬಾರದು. ನೀರು ಕುಡಿದ ಬಲೆ ಟನ್ ತೂಗುತ್ತದೆ, ವಿಂಚು ಕಿತ್ತುಬರುತ್ತದೆ, ಕೆಳಗೆ ಇಳಿದವರು ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು. ದೋಣಿಯ ಕೆಲಸ ಗುರುತಿಸುವುದು: ಫೋಟೊ, ಕಣ್ಣಿನ ಅಳತೆ, ದಾರದ ಬಣ್ಣ, ನಿಖರ ಸ್ಥಾನ, ಸಾಧ್ಯವಾದರೆ ಉಪಗ್ರಹಕ್ಕೆ ಸ್ಥಾನ ತಿಳಿಸುವ ತೇಲುಗುಂಡೊಂದನ್ನು ಕಟ್ಟಿ ಬಿಡುವುದು. ಪೆಸಿಫಿಕ್‌ನಲ್ಲಿ ಹೀಗೆ ಗುಂಡು ಕಟ್ಟಿದ ಬಲೆಗಳನ್ನು ಹಿಂಬಾಲಿಸಿಯೇ ಕ್ವಾಯ್ ಎಂಬ ಹಾಯಿ ಸರಕುಹಡಗು 2020ರಲ್ಲಿ 48 ದಿನಗಳಲ್ಲಿ 103 ಟನ್ ಬಲೆ ಮತ್ತು ಪ್ಲಾಸ್ಟಿಕ್ ಎತ್ತಿ ತಂದಿತು. ಒಂದು ಬಲೆ ಇದ್ದಲ್ಲಿ ಪ್ರವಾಹ ಇನ್ನೂ ಹತ್ತನ್ನು ತಂದು ಸೇರಿಸಿರುತ್ತದೆ, ಆದ್ದರಿಂದ ಒಂದೇ ಗುಂಡು ಇಡೀ ಗುಂಪನ್ನು ತೋರಿಸುತ್ತದೆ.

ದಿನಚರಿ

ದೋಣಿ ಹಳೆಯದಿರಲಿ, ಬಲೆ ತೇಪೆ ಹಾಕಿದ್ದಿರಲಿ, ದಿನಚರಿ ಮಾತ್ರ ಸ್ವಚ್ಛ ಇರಬೇಕು. ಒಂದೇ ಉದಾಹರಣೆ ಸಾಕು. ಕಾರವಾರದ ಎದುರು ಜಿಪಿಎಸ್ 14 ಡಿಗ್ರಿ 48.5 ಮಿನಿಟು ಎಂದು ತೋರಿಸುತ್ತದೆ. ಅದನ್ನು ಯಾರೋ ಅವಸರದಲ್ಲಿ 14.485 ಎಂದು ಬರೆಯುತ್ತಾರೆ. ಡಿಗ್ರಿಗೆ 60 ಮಿನಿಟು, ನೂರಲ್ಲ, ಸರಿಯಾದದ್ದು 14.808. ವ್ಯತ್ಯಾಸ 19.4 ನಾಟಿಕಲ್ ಮೈಲು, ಹತ್ತಿರ ಹತ್ತಿರ 36 ಕಿಮೀ. ಕಾರವಾರದ ಮಾದರಿ ಗೋಕರ್ಣವನ್ನೂ ದಾಟಿ ಕುಮಟೆಯ ಕಡೆ ಹೋಗಿ ಕೂತಿತು. ಕಾಳಿ ನದಿಯ ಕಸಕ್ಕೆ ಅಘನಾಶಿನಿ ಉತ್ತರ ಹೇಳಬೇಕಾಯಿತು. ಸಮಯವೂ ಹೀಗೇ: ಉಪಕರಣ ಗ್ರೀನಿಚ್ ಸಮಯದಲ್ಲಿ, ಕೈಗಡಿಯಾರ ನಮ್ಮ ಸಮಯದಲ್ಲಿ, ನಡುವೆ ಐದೂವರೆ ತಾಸು. ಪುಸ್ತಕದ ಮೊದಲ ಪುಟದಲ್ಲೇ ಯಾವ ಸಮಯ, ಯಾವ ಸ್ಥಾನಪದ್ಧತಿ ಎಂದು ದಪ್ಪ ಅಕ್ಷರದಲ್ಲಿ ಬರೆದು, ಕೊನೆಯವರೆಗೆ ಅದನ್ನೇ ಹಿಡಿಯಬೇಕು.

ಕಾನೂನಿನ ಮಾತನ್ನು ಚಿಕ್ಕದಾಗಿ ಮುಗಿಸುತ್ತೇವೆ. ಕಾರವಾರದ ನೌಕಾನೆಲೆಯ ಸುತ್ತಲಿನ ನೀರು ನಿರ್ಬಂಧಿತ, ಅಲ್ಲಿ ಸುಳಿಯುವ ಮೊದಲು ಅನುಮತಿ ಬೇಕು. ಪರವಾನಗಿ ಇಲ್ಲದ ಇರಿಡಿಯಂ, ತುರಾಯಾ ಉಪಗ್ರಹ ಫೋನು ನಮ್ಮ ದೇಶದಲ್ಲಿ ಅಪರಾಧ. ವಿದೇಶದಿಂದ ಬರುವ ದೋಣಿಗಳು ಸಿಕ್ಕಿಬೀಳುವುದು ಇದರಲ್ಲೇ. ಹವಳ ಮುಟ್ಟುವಂತಿಲ್ಲ.

"ಮಳಿಗಾಲದಾಗ ಏನ್ ಮಾಡ್ತೀರ್ರಿ?" ಎಂಬುದು ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ. ಪೆಟ್ಟು ಬೀಳಬೇಕಾದ ಜಾಗಕ್ಕೇ ಬಿದ್ದ ಪ್ರಶ್ನೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಕರಾವಳಿಯಲ್ಲಿ ಸಣ್ಣ ದೋಣಿ ಹೊರಡುವಂತಿಲ್ಲ. ಆದರೆ ಆಳದ ತಣ್ಣನೆ, ಆಮ್ಲಜನಕ ಕಡಿಮೆ ಇರುವ, ಪೋಷಕಾಂಶ ತುಂಬಿದ ನೀರು ಮೇಲೇಳುವುದೂ, ನದಿಗಳು ಅತಿ ಹೆಚ್ಚು ಕಸ ತರುವುದೂ ಅದೇ ತಿಂಗಳುಗಳಲ್ಲಿ. ಹಾಯಿದೋಣಿಯ ದಾಖಲೆಯಲ್ಲಿ ಈ ತೂತು ಇದ್ದೇ ಇರುತ್ತದೆ, ಮುಚ್ಚಿಡಬಾರದು. ಜನರಿಲ್ಲದ ಹಾಯಿಯಂತ್ರಗಳು ಇದಕ್ಕೆ ಒಂದು ದಾರಿ. ಸೈಲ್‌ಡ್ರೋನ್ ಎಂಬ 7 ಮೀಟರಿನ ಗಟ್ಟಿರೆಕ್ಕೆಯ ದೋಣಿ 2019ರಲ್ಲಿ 196 ದಿನಗಳಲ್ಲಿ ಅಂಟಾರ್ಕ್ಟಿಕಾ ಸುತ್ತಿತು. ಅದೇ ಬಗೆಯ ಇನ್ನೊಂದು 2021ರಲ್ಲಿ ಸ್ಯಾಮ್ ಚಂಡಮಾರುತದ ಒಳಗಿನಿಂದ ವಿಡಿಯೊ ಕಳಿಸಿತು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ನೋಡಿಕೊಳ್ಳುವ ಆರ್ಗೊ ತೇಲುಯಂತ್ರಗಳು ಹತ್ತು ದಿನಕ್ಕೊಮ್ಮೆ 2,000 ಮೀಟರಿನಿಂದ ಮೇಲೆದ್ದು ಮಳೆಗಾಲದಲ್ಲೂ ಲೆಕ್ಕ ಕೊಡುತ್ತವೆ. ಅಂಥ ಯಂತ್ರಗಳು ಇಬ್ಬರು ಎತ್ತುವಷ್ಟೇ ಭಾರ. ಬೇಸಿಗೆಯಲ್ಲಿ ಹಾಯಿದೋಣಿಯಿಂದಲೇ ಅವನ್ನು ನೀರಿಗೆ ಬಿಡಬಹುದು.

ಇಲ್ಲಿಂದ ಶುರು ಮಾಡುವುದು

ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡದ್ದಾದರೂ ಅದರ ಸಾಗರ ಜೀವಶಾಸ್ತ್ರ ವಿಭಾಗ ಇರುವುದು ಕಾರವಾರದ ಕೋಡಿಬಾಗದಲ್ಲಿ, ಕಾಳಿಯ ಬಾಯಲ್ಲಿ. ಹಾಯಿ ಕಲಿಯಲು ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಅದಕ್ಕೂ ಮೊದಲು ಅಳತೆಯ ಅಭ್ಯಾಸಕ್ಕೆ ಉಣಕಲ್ ಕೆರೆ, ಸಾಧನಕೇರಿ ಸಾಕು. ನೀರು ಎಷ್ಟು ತಿಳಿ ಎಂದು ಅಳೆಯುವ ಸೆಕ್ಕಿ ತಟ್ಟೆಯನ್ನು ಇಟಲಿಯ ಪಾದ್ರಿ ಆಂಜೆಲೊ ಸೆಕ್ಕಿ 1865ರಲ್ಲಿ ಪೋಪರ ಹಡಗಿನಿಂದ ಇಳಿಸಿ ನೋಡಿದರು. ಇಂದಿಗೂ ಲೋಕದ ನಾವಿಕರು ಅದನ್ನೇ ಇಳಿಸುತ್ತಾರೆ. 30 ಸೆಂಟಿಮೀಟರು ಅಡ್ಡಗಲದ ಲೋಹದ ತಟ್ಟೆ, ಹೊಳಪಿಲ್ಲದ ಬಿಳಿ ಬಣ್ಣ, ನಡುವೆ ತೂತು, ಕೆಳಗೆ ಎರಡು ಕಿಲೋ ತೂಕ, ಹಿಗ್ಗದ ಹಗ್ಗಕ್ಕೆ 10 ಸೆಂಟಿಮೀಟರಿಗೊಂದು ಗುರುತು. ಹಗ್ಗವನ್ನು ಒಂದು ರಾತ್ರಿ ನೆನೆಸಿ ಆಮೇಲೆ ಗುರುತು ಹಾಕಿ, ಒಣ ಹಗ್ಗದ ಗುರುತು ಒದ್ದೆಯಾದ ಮೇಲೆ ಜರುಗುತ್ತದೆ. ಬೆಳಿಗ್ಗೆ 10ರಿಂದ 2ರ ಒಳಗೆ, ದೋಣಿಯ ನೆರಳಿನ ಬದಿಯಿಂದ ಇಳಿಸಿ. ಕಣ್ಮರೆಯಾದ ಆಳ, ಮೇಲೆಳೆದಾಗ ಮತ್ತೆ ಕಂಡ ಆಳ, ಎರಡರ ಸರಾಸರಿ. ತಂಪುಕನ್ನಡಕ ತೆಗೆದಿಡಿ. ಮೂವರು ಬೇರೆ ಬೇರೆ ಅಳೆದು, ಒಬ್ಬರ ಅಂಕಿ ಇನ್ನೊಬ್ಬರು ನೋಡದೆ ಬರೆದುಕೊಳ್ಳಿ.

ಕೈ ಪಳಗಿದ ಮೇಲೆ ಗಂಗಾವಳಿಯ ಬಾಯಿಗೆ ಬನ್ನಿ. ಅಳಿವೆಯಲ್ಲಿ ಮರಳದಿಬ್ಬ ಇರುವುದರಿಂದ ಎರಡು ಮೀಟರು ತಳ ಇರುವ ಹಾಯಿದೋಣಿ ಒಳಗೆ ಬಾರದು. ಅಲ್ಲಿನ ಮಾದರಿಗೆ ಊರಿನ ಮೀನುಗಾರರ ನಾಡದೋಣಿ ಬೇಕು, ಅವರ ಕೂಲಿಯನ್ನು ಯೋಜನೆಯ ಖರ್ಚಿನಲ್ಲೇ ಬರೆದಿಡಬೇಕು. ಇಳಿತದ ಕೊನೆಯ ಎರಡು ತಾಸಿನಲ್ಲಿ ನದಿಯ ನೀರು ಹೆಚ್ಚು ಇರುತ್ತದೆ, ಆಗಲೇ ತೆಗೆಯಬೇಕು. ಹಾಯಿದೋಣಿ ಅದೇ ದಿನ ಹೊರಗಿನ 5, 10, 15 ಮೈಲಿನ ನೆಲೆಗಳನ್ನು ಮಾಡುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ ನಸುಕಿನಲ್ಲಿ ನೆಲದಿಂದ ಕಡಲಿಗೆ ಗಾಳಿ ಬೀಸುತ್ತದೆ. ಐದಕ್ಕೆ ಹಾಯಿ ಎತ್ತಿದರೆ ನಾಲ್ಕು ನಾಟ್ ವೇಗದಲ್ಲಿ ಒಂಬತ್ತರ ಹೊತ್ತಿಗೆ 15 ಮೈಲಿನ ನೆಲೆ. ಒಂಬತ್ತರಿಂದ ಹನ್ನೊಂದರವರೆಗೆ ಗಾಳಿ ಬಿದ್ದಿರುತ್ತದೆ, ನೀರು ಕನ್ನಡಿ. ಮ್ಯಾಂಟಾ ಎಳೆಯಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ, ಇಂಜಿನ್ನನ್ನು ಮಂದವಾಗಿ ಓಡಿಸಿ ಎರಡು ನಾಟ್‌ನಲ್ಲಿ ಎಳೆಯಬಹುದು. ಮಧ್ಯಾಹ್ನ ಒಂದರ ಸುಮಾರಿಗೆ ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ಅಷ್ಟರೊಳಗೆ ಬಲೆ ತೊಳೆದು, ಡಬ್ಬಿ ಮುಚ್ಚಿ, ಚೀಟಿ ಹಾಕಿ, ದಡದ ಕಡೆ ಮೂತಿ ತಿರುಗಿಸಿರಬೇಕು.